ಹಂಗಿನ ಹಣ, ಹಕ್ಕಿನ ಹಣ: ಎರಡು ಪುಟ್ಟ ದ್ವೀಪಗಳ ಪಾಠ

ನನ್ನಲ್ಲಿ ಸಮಾಜ ವಿಜ್ಞಾನ ಕಲಿತವರಿಗೆ ತರಗತಿಯ ಗೋಡೆಗೆ ತೂಗುಹಾಕುತ್ತಿದ್ದ ಪ್ರಪಂಚದ ಭೂಪಟ ನೆನಪಿರಬಹುದು. ಅದರಲ್ಲಿ ಪೆಸಿಫಿಕ್ ಸಾಗರವೆಂದರೆ ಒಂದು ವಿಶಾಲವಾದ ನೀಲಿ ಬಯಲು. ನಡುನಡುವೆ ಸೂಜಿಯ ಮೊನೆಯಿಂದ ಚುಚ್ಚಿದಂತಹ ಕೆಲವು ಚುಕ್ಕೆಗಳು. ಪಠ್ಯಕ್ರಮದಲ್ಲಿ ಅವುಗಳಿಗೆ ಸ್ಥಾನವಿರಲಿಲ್ಲ, ಪರೀಕ್ಷೆಯಲ್ಲಿ ಅವುಗಳ ಬಗ್ಗೆ ಪ್ರಶ್ನೆಯೂ ಬರುತ್ತಿರಲಿಲ್ಲ. ನಿವೃತ್ತಿಯ ನಂತರ ಓದಿಗೆ ಬಿಡುವು ದೊರೆತ ಮೇಲೆ ಆ ಚುಕ್ಕೆಗಳ ಪೈಕಿ ಎರಡು ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿವೆ. ಒಂದು ನೌರು, ಇನ್ನೊಂದು ಟುವಾಲು.

ಈ ಲೇಖನಕ್ಕೆ ನಿಮಿತ್ತವಾದದ್ದು ಆಸ್ಟ್ರೇಲಿಯದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬರೆದ ಪತ್ರ. "ಸಾರ್, ನಾವು ಇಲ್ಲಿ ಕಟ್ಟುವ ತೆರಿಗೆಯಲ್ಲಿ ಒಂದಷ್ಟು ಈ ಪುಟ್ಟ ದ್ವೀಪಗಳಿಗೆ ಹೋಗುತ್ತದೆ. ಎಷ್ಟು ವರ್ಷ ಕೊಟ್ಟರೂ ಅವರು ಸ್ವಂತ ಕಾಲಿನ ಮೇಲೆ ನಿಲ್ಲುವುದಿಲ್ಲ. ಹೀಗೆ ಕೊಡುವುದರಲ್ಲಿ ಅರ್ಥವಿದೆಯೇ?" ಎಂದು ಅವನು ಕೇಳಿದ್ದಾನೆ. ಪ್ರಶ್ನೆ ಪ್ರಾಮಾಣಿಕವಾದದ್ದು. ದುಡಿದು ತೆರಿಗೆ ಕಟ್ಟುವವನಿಗೆ ಹಾಗೆ ಕೇಳುವ ಅಧಿಕಾರವೂ ಇದೆ. ಆದರೆ ಎಷ್ಟು ಕೊಟ್ಟೆವು ಎಂಬುದಕ್ಕಿಂತ ಮೊದಲು ಯಾವ ರೀತಿಯಲ್ಲಿ ಕೊಟ್ಟೆವು, ಕೊಟ್ಟಿದ್ದಕ್ಕೆ ಪ್ರತಿಯಾಗಿ ಏನನ್ನು ಪಡೆದೆವು ಎಂದು ಕೇಳಬೇಕೆಂಬುದು ನನ್ನ ಅಭಿಪ್ರಾಯ. ಈ ಎರಡು ದ್ವೀಪಗಳ ಚರಿತ್ರೆಯನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ಇದು ಸ್ಪಷ್ಟವಾಗುತ್ತದೆ.

ಹೋಲಿಕೆಗೆ ಇವಕ್ಕಿಂತ ಒಪ್ಪುವ ಜೋಡಿ ಸಿಗುವುದು ಕಷ್ಟ. ನೌರುವಿನ ವಿಸ್ತೀರ್ಣ 21 ಚದರ ಕಿಲೋಮೀಟರು. ಟುವಾಲುವಿನದು, ಒಂಬತ್ತು ದ್ವೀಪಗಳನ್ನು ಕೂಡಿಸಿದರೂ, 26. ಒಂದರ ಜನಸಂಖ್ಯೆ ಸುಮಾರು 12 ಸಾವಿರ, ಇನ್ನೊಂದರದು ಸುಮಾರು 11 ಸಾವಿರ. ನಮ್ಮ ಒಂದು ಹೋಬಳಿಯ ಜನ ಇದಕ್ಕಿಂತ ಹೆಚ್ಚಿರುತ್ತಾರೆ. ನೌರು ಸ್ವತಂತ್ರವಾದದ್ದು 1968ರ ಜನವರಿ 31ರಂದು, ಟುವಾಲು 1978ರ ಅಕ್ಟೋಬರ್ 1ರಂದು. ಎರಡರಲ್ಲೂ ಆಸ್ಟ್ರೇಲಿಯದ ಡಾಲರೇ ಚಲಾವಣೆಯಲ್ಲಿದೆ. ನೌರು 1999ರಲ್ಲಿ, ಟುವಾಲು 2000ದಲ್ಲಿ ವಿಶ್ವಸಂಸ್ಥೆಯ ಸದಸ್ಯರಾದವು. ತಲಾವಾರು ಲೆಕ್ಕ ಹಾಕಿದರೆ ಎರಡೂ ಜಗತ್ತಿನಲ್ಲಿ ಅತಿ ಹೆಚ್ಚು ವಿದೇಶಿ ನೆರವು ಪಡೆಯುವ ದೇಶಗಳ ಸಾಲಿಗೆ ಸೇರುತ್ತವೆ. ಇಷ್ಟೆಲ್ಲ ಸಾಮ್ಯವಿದ್ದರೂ ನೆರವಿನೊಡನೆ ಇವೆರಡರ ಸಂಬಂಧ ಮಾತ್ರ ತೀರ ಬೇರೆ ಬೇರೆ.

ಮೊದಲು ನೌರುವಿನ ಕಥೆ. 1900ರಲ್ಲಿ ಅಲ್ಲಿ ಫಾಸ್ಫೇಟ್ ಅದಿರು ಪತ್ತೆಯಾಯಿತು. ಅದು ಹೊಲಕ್ಕೆ ಹಾಕುವ ಗೊಬ್ಬರದ ಮೂಲವಸ್ತು. ಮೊದಲು ಜರ್ಮನಿಯ ವಸಾಹತಾಗಿದ್ದ ದ್ವೀಪ ಮೊದಲ ಮಹಾಯುದ್ಧದ ನಂತರ ಬ್ರಿಟನ್, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳ ಜಂಟಿ ಹಿಡಿತಕ್ಕೆ ಬಂದಿತು. ಬ್ರಿಟಿಷ್ ಫಾಸ್ಫೇಟ್ ಕಮಿಷನರ್ಸ್ ಎಂಬ ಸಂಸ್ಥೆ ದ್ವೀಪವನ್ನು ಅಗೆದು, ಆ ಅದಿರನ್ನು ಜಾಗತಿಕ ಮಾರುಕಟ್ಟೆಗಿಂತ ಅಗ್ಗದ ದರದಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳ ರೈತರಿಗೆ ಒದಗಿಸಿತು. ನೆಲದ ಒಡೆಯರಾದ ನೌರುವಾಸಿಗಳ ಪಾಲಿಗೆ ಸಿಕ್ಕಿದ್ದು ಅಲ್ಪ ರಾಜಧನ. ಅಂದರೆ ಆ ದಶಕಗಳಲ್ಲಿ ಯಾರು ಯಾರಿಗೆ ನೆರವು ನೀಡುತ್ತಿದ್ದರು? ಆಸ್ಟ್ರೇಲಿಯದ ಗೋಧಿಯ ಹೊಲಗಳಿಗೂ ನ್ಯೂಜಿಲೆಂಡಿನ ಹುಲ್ಲುಗಾವಲುಗಳಿಗೂ ಈ ಪುಟ್ಟ ದ್ವೀಪವೇ ಸಹಾಯಧನ ಕೊಡುತ್ತಿತ್ತು. ಅದನ್ನು ಯಾರೂ ಸಹಾಯಧನ ಎಂದು ಕರೆಯಲಿಲ್ಲ, ಅಷ್ಟೆ.

1960ರ ದಶಕದಲ್ಲಿ, ಅದಿರು ಮುಗಿದ ಮೇಲೆ ಈ ಜನ ಏನು ಮಾಡಬೇಕೆಂಬ ಚಿಂತೆ ಹುಟ್ಟಿದಾಗ, ಆಸ್ಟ್ರೇಲಿಯ ಕ್ವೀನ್ಸ್‌ಲೆಂಡ್ ತೀರದ ಕರ್ಟಿಸ್ ದ್ವೀಪಕ್ಕೆ ಅವರನ್ನು ಸ್ಥಳಾಂತರಿಸುವ ಪ್ರಸ್ತಾಪವಿಟ್ಟಿತು. ತಮ್ಮದೇ ಆಡಳಿತ ಇರುವುದಿಲ್ಲವೆಂಬ ಕಾರಣಕ್ಕೆ ನೌರುವಾಸಿಗಳು ಒಪ್ಪಲಿಲ್ಲ. ಸ್ವಾತಂತ್ರ್ಯ ಬಂದಾಗ ತಮ್ಮದೇ ನೆಲದ ಗಣಿ ಉದ್ಯಮವನ್ನು 2.1 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಟ್ಟು ಕೊಂಡುಕೊಂಡರು. ಅನಂತರದ ಎರಡು ದಶಕ ಹಣದ ಹೊಳೆಯೇ ಹರಿಯಿತು. ಜಗತ್ತಿನಲ್ಲಿ ಅತ್ಯಂತ ಹೆಚ್ಚು ತಲಾದಾಯವಿದ್ದ ದೇಶಗಳಲ್ಲಿ ನೌರು ಒಂದಾಯಿತು. ಆದಾಯ ತೆರಿಗೆ ಇರಲಿಲ್ಲ. ಮೆಲ್ಬರ್ನ್ ನಗರದಲ್ಲಿ 52 ಅಂತಸ್ತಿನ 'ನೌರು ಹೌಸ್' 1977ರಲ್ಲಿ ಎದ್ದು ನಿಂತಿತು. ಭವಿಷ್ಯಕ್ಕೆಂದು ಒಂದು ನಿಧಿಯನ್ನೂ ಸ್ಥಾಪಿಸಿದ್ದರು. ಉಚ್ಛ್ರಾಯದಲ್ಲಿ ಅದರ ಮೊತ್ತ 100 ಕೋಟಿ ಆಸ್ಟ್ರೇಲಿಯನ್ ಡಾಲರ್ ದಾಟಿತ್ತು.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇಲ್ಲಿ ಕೂತು ಉಂಡದ್ದಷ್ಟೇ ಆಗಿದ್ದರೆ ಹೊನ್ನು ಇನ್ನೂ ಸ್ವಲ್ಪ ಕಾಲ ಬಾಳುತ್ತಿತ್ತೇನೋ. ನಷ್ಟದಲ್ಲೇ ಹಾರಾಡಿದ ವಿಮಾನಯಾನ ಸಂಸ್ಥೆ, ದೂರದೇಶಗಳಲ್ಲಿ ಕೊಂಡ ಹೋಟೆಲು, ಕಟ್ಟಡಗಳು, ಸಲಹೆಗಾರರ ಮಾತು ಕೇಳಿ ಹೂಡಿದ ಬಂಡವಾಳ, ಕೊನೆಗೆ ನಿಧಿಯನ್ನೇ ಆಧಾರವಾಗಿಟ್ಟು ಎತ್ತಿದ ಸಾಲ, ಹೀಗೆ ಅದು ಕರಗಿತು. 1993ರಲ್ಲಿ ಲಂಡನ್ನಿನಲ್ಲಿ ಲಿಯೊನಾರ್ಡೊ ಡ ವಿಂಚಿಯನ್ನು ಕುರಿತ ಸಂಗೀತ ನಾಟಕವೊಂದಕ್ಕೂ ಈ ದ್ವೀಪದ ಹಣ ಹೋಯಿತು. ಕೆಲವೇ ವಾರಗಳಲ್ಲಿ ಆ ನಾಟಕ ನಿಂತಿತು. 2004ರಲ್ಲಿ ಮೆಲ್ಬರ್ನಿನ ಕಟ್ಟಡ ಮಾರಾಟವಾಯಿತು. 2005ರ ಕೊನೆಗೆ ಉಳಿದಿದ್ದ ಒಂದೇ ಒಂದು ವಿಮಾನವನ್ನೂ ಸಾಲಗಾರರು ವಶಪಡಿಸಿಕೊಂಡರು. ಅಗೆದ ನೆಲದಲ್ಲಿ ಸುಣ್ಣದ ಕಲ್ಲಿನ ಮೊನಚು ಕಂಬಗಳು ಮಾತ್ರ ಉಳಿದಿದ್ದವು. ಅಲ್ಲಿ ಬೆಳೆ ತೆಗೆಯುವಂತಿಲ್ಲ, ಮನೆ ಕಟ್ಟುವಂತಿಲ್ಲ.

ಈ ಹಂತದಲ್ಲಿ ನೌರುವಿಗೆ ವಿದೇಶಿ ನೆರವು ಅನಿವಾರ್ಯವಾಯಿತು. ಅದು ಹೇಗೆ ಬಂದಿತೆಂಬುದನ್ನು ಗಮನಿಸಿ. 2001ರಲ್ಲಿ ಟಾಂಪಾ ಎಂಬ ನಾರ್ವೆಯ ಹಡಗು ಸಮುದ್ರದಲ್ಲಿ ಮುಳುಗಲಿದ್ದ ನಾನೂರಕ್ಕೂ ಹೆಚ್ಚು ಆಶ್ರಯಾರ್ಥಿಗಳನ್ನು ರಕ್ಷಿಸಿತು. ಅವರನ್ನು ತನ್ನ ನೆಲಕ್ಕೆ ಇಳಿಸಲು ಒಪ್ಪದ ಆಸ್ಟ್ರೇಲಿಯ ಸರ್ಕಾರ ನೌರುವಿನೊಡನೆ ಒಪ್ಪಂದ ಮಾಡಿಕೊಂಡಿತು. ಆಶ್ರಯಾರ್ಥಿಗಳನ್ನು ಇಟ್ಟುಕೊಳ್ಳುವುದಕ್ಕೆ ಮೊದಲ ಕಂತಿನಲ್ಲೇ 2 ಕೋಟಿ ಆಸ್ಟ್ರೇಲಿಯನ್ ಡಾಲರುಗಳಷ್ಟು ನೆರವು ಘೋಷಣೆಯಾಯಿತು. 2008ರಲ್ಲಿ ಆ ಶಿಬಿರವನ್ನು ಮುಚ್ಚಿದರು, 2012ರಲ್ಲಿ ಮತ್ತೆ ತೆರೆದರು. ಶಿಬಿರ ತೆರೆದರೆ ದ್ವೀಪಕ್ಕೆ ಉದ್ಯೋಗ, ಮುಚ್ಚಿದರೆ ನಿರುದ್ಯೋಗ. ಒಂದು ರಾಷ್ಟ್ರದ ಆಯವ್ಯಯ ಇನ್ನೊಂದು ರಾಷ್ಟ್ರದ ಚುನಾವಣೆಯ ಫಲಿತಾಂಶವನ್ನು ಕಾದು ಕೂರುವಂತಾಯಿತು. 2025ರಲ್ಲಿ, ಆಸ್ಟ್ರೇಲಿಯ ತನ್ನಲ್ಲಿ ಇರಗೊಡದ ಪರದೇಶಿಯರನ್ನು ನೌರು ಸೇರಿಸಿಕೊಳ್ಳುವ ಇನ್ನೊಂದು ಒಪ್ಪಂದವಾಯಿತು. ಆರಂಭದ ಮೊತ್ತವೇ 40.8 ಕೋಟಿ ಆಸ್ಟ್ರೇಲಿಯನ್ ಡಾಲರ್ ಎಂದು ಪ್ರಕಟವಾಯಿತು.

ಮಾನ್ಯತೆಯ ವಿಷಯವೂ ಹೀಗೆಯೇ. ನೌರು 2002ರಲ್ಲಿ ತೈವಾನನ್ನು ಬಿಟ್ಟು ಚೀನಾದ ಕೈಹಿಡಿಯಿತು, 2005ರಲ್ಲಿ ಮರಳಿ ತೈವಾನಿನ ಕಡೆಗೆ ಬಂದಿತು, 2024ರ ಜನವರಿಯಲ್ಲಿ ಮತ್ತೆ ಚೀನಾದತ್ತ ಹೊರಳಿತು. 2009ರಲ್ಲಿ, ರಷ್ಯದ ಬೆಂಬಲವಿದ್ದ ಅಬ್ಖಾಜಿಯ ಮತ್ತು ದಕ್ಷಿಣ ಒಸೆಟಿಯಗಳಿಗೆ ಮನ್ನಣೆ ನೀಡಿತು. ಮಾರಲು ಅದಿರು ಉಳಿಯದಿದ್ದಾಗ ಸಾರ್ವಭೌಮತ್ವವೇ ಮಾರುವ ಸರಕಾಯಿತು ಎನ್ನದೆ ವಿಧಿಯಿಲ್ಲ. ಹೀಗೆ ಬರುವ ಹಣವನ್ನು ಲೆಕ್ಕಪತ್ರಗಳು ಅಭಿವೃದ್ಧಿ ನೆರವೆಂದು ಕರೆಯಬಹುದು. ನಮ್ಮ ಭಾಷೆಯಲ್ಲಿ ಅದಕ್ಕೆ ಬಾಡಿಗೆ ಎನ್ನುತ್ತೇವೆ.

ಈಗ ಟುವಾಲುವಿನ ಕಡೆಗೆ ಬರೋಣ. ಬ್ರಿಟಿಷರ ಕಾಲದಲ್ಲಿ ಇದು ಎಲಿಸ್ ದ್ವೀಪಗಳೆಂಬ ಹೆಸರಿನಲ್ಲಿ ಗಿಲ್ಬರ್ಟ್ ದ್ವೀಪಗಳೊಂದಿಗೆ ಒಂದೇ ವಸಾಹತಾಗಿತ್ತು. 1974ರ ಜನಮತಗಣನೆಯಲ್ಲಿ ಎಲಿಸ್ ಜನ ಶೇಕಡ ತೊಂಬತ್ತಕ್ಕೂ ಹೆಚ್ಚು ಬಹುಮತದಿಂದ ಬೇರೆಯಾಗಲು ನಿರ್ಧರಿಸಿದರು. ಬ್ರಿಟನ್ ವಿಧಿಸಿದ ಷರತ್ತು ಕಠಿಣವಾಗಿತ್ತು. ವಸಾಹತಿನ ಫಾಸ್ಫೇಟ್ ಆದಾಯದಲ್ಲಿ ಅವರಿಗೆ ಪಾಲಿಲ್ಲ. ಇತರ ಆಸ್ತಿಯಲ್ಲೂ ಪಾಲಿಲ್ಲ. ಸಿಕ್ಕಿದ್ದು ಒಂದು ಹಡಗು. ನಮ್ಮಲ್ಲಿ ಮನೆ ಪಾಲಾಗುವಾಗ ಕಿರಿಯ ಮಗನಿಗೆ ಬರಿಯ ಎತ್ತಿನ ಗಾಡಿಯೊಂದನ್ನು ಕೊಟ್ಟು ಕಳಿಸಿದಂತೆ. ಆದರೂ ಅವರು ಹೊರಬಂದರು.

ಹೊಸ ದೇಶದ ಆದಾಯವೆಂದರೆ ಕೊಬ್ಬರಿ, ಅಂಚೆ ಚೀಟಿ, ಮೀನುಗಾರಿಕೆಯ ಪರವಾನಗಿ, ಪರದೇಶದ ಹಡಗುಗಳಲ್ಲಿ ದುಡಿಯುವ ನಾವಿಕರು ಮನೆಗೆ ಕಳಿಸುವ ಹಣ. ಸ್ವಾರಸ್ಯವೆಂದರೆ, ಅನೇಕ ಟುವಾಲುವಾಸಿಗಳು ನೌರುವಿನ ಫಾಸ್ಫೇಟ್ ಗಣಿಯಲ್ಲೇ ಕೂಲಿಗಳಾಗಿ ದುಡಿದು ಊರಿಗೆ ಹಣ ಕಳಿಸುತ್ತಿದ್ದರು. ಸರ್ಕಾರದ ಖರ್ಚಿನ ಕೊರತೆಯನ್ನು ಬ್ರಿಟನ್ ವರ್ಷ ವರ್ಷವೂ ಅನುದಾನ ಕೊಟ್ಟು ತುಂಬಬೇಕಾಗಿತ್ತು. ಆದುದರಿಂದ ಪ್ರತಿವರ್ಷವೂ ಅರ್ಜಿ, ಪ್ರತಿವರ್ಷವೂ ವಿವರಣೆ, ಪ್ರತಿವರ್ಷವೂ ಹಂಗು.

ಇದರಿಂದ ಹೊರಬರಲು ಟುವಾಲು ಒಂದು ಉಪಾಯ ಹೂಡಿತು. ಆಗ ಟೊಮಾಸಿ ಪುವಾಪುವಾ ಪ್ರಧಾನಿಯಾಗಿದ್ದರು, ಹೆನ್ರಿ ನೈಸಾಲಿ ಹಣಕಾಸು ಸಚಿವರು. ವರ್ಷ ವರ್ಷ ಚೂರುಚೂರಾಗಿ ಕೊಡುವ ಬದಲು ಒಂದೇ ಸಲ ದೊಡ್ಡ ಮೊತ್ತ ಕೊಡಿ, ಅದನ್ನು ಮುಟ್ಟದೆ ಹೂಡಿಟ್ಟು ಅದರ ಉತ್ಪತ್ತಿಯಿಂದ ಕೊರತೆ ತುಂಬಿಕೊಳ್ಳುತ್ತೇವೆ ಎಂದು ದಾನಿ ದೇಶಗಳನ್ನು ಕೇಳಿದರು. 1987ರಲ್ಲಿ ಒಂದು ಅಂತಾರಾಷ್ಟ್ರೀಯ ಒಪ್ಪಂದದ ಮೂಲಕ ಟುವಾಲು ಟ್ರಸ್ಟ್ ಫಂಡ್ ಸ್ಥಾಪನೆಯಾಯಿತು. ಆರಂಭದ ಮೊತ್ತ ಸುಮಾರು 2.7 ಕೋಟಿ ಆಸ್ಟ್ರೇಲಿಯನ್ ಡಾಲರ್. ಅದರ ಬಹುಭಾಗ ಆಸ್ಟ್ರೇಲಿಯ, ನ್ಯೂಜಿಲೆಂಡ್, ಬ್ರಿಟನ್‌ಗಳದು. ಆ ಬಡ ದೇಶ ತಾನೂ ಸುಮಾರು 16 ಲಕ್ಷ ಡಾಲರ್ ಸೇರಿಸಿತು.

ನಮಗೆ ಈ ಕಲ್ಪನೆ ಹೊಸದೇನಲ್ಲ. ಶಾಲೆಗಳಲ್ಲಿ, ಸಾಹಿತ್ಯ ಪರಿಷತ್ತಿನಲ್ಲಿ, ದೇವಸ್ಥಾನಗಳಲ್ಲಿ ನಾವು ದತ್ತಿನಿಧಿ ಎನ್ನುವುದು ಇದನ್ನೇ. ಅಸಲನ್ನು ಮುಟ್ಟಕೂಡದು, ಬಡ್ಡಿಯಲ್ಲಿ ಬಹುಮಾನವೋ ಉಪನ್ಯಾಸವೋ ದೀಪದ ಎಣ್ಣೆಯೋ ನಡೆಯಬೇಕು. ಟುವಾಲು ಇದನ್ನು ಒಂದು ಇಡೀ ದೇಶಕ್ಕೆ ಅನ್ವಯಿಸಿತು. ಆದರೆ ನಮ್ಮ ಅನೇಕ ದತ್ತಿಗಳಲ್ಲಿರುವ ಒಂದು ದೋಷವನ್ನು ಅವರು ಮೊದಲೇ ನಿವಾರಿಸಿದರು. ನಲವತ್ತು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಇಟ್ಟ ಐನೂರು ರೂಪಾಯಿಯ ಬಡ್ಡಿಯಲ್ಲಿ ಇಂದು ಮಗುವಿಗೆ ಒಂದು ಒಳ್ಳೆಯ ಪೆನ್ನೂ ಬಾರದು. ಟುವಾಲುವಿನ ನಿಧಿಯಲ್ಲಿ ಅಸಲನ್ನು ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸಿಕೊಂಡು ಹೋಗಬೇಕೆಂಬ ನಿಯಮವಿದೆ. ಅದಕ್ಕಿಂತ ಹೆಚ್ಚು ಬೆಳೆದ ಭಾಗವಷ್ಟೇ ಎರಡನೆಯ ಖಾತೆಗೆ ಹೋಗುತ್ತದೆ. ಸರ್ಕಾರ ತನ್ನ ಕೊರತೆಗೆ ಹಣ ತೆಗೆಯುವುದು ಆ ಖಾತೆಯಿಂದ. ಷೇರುಪೇಟೆ ಬಿದ್ದ ವರ್ಷಗಳಲ್ಲಿ ಮೊದಲ ಖಾತೆಯಿಂದ ಏನೂ ಸಿಗುವುದಿಲ್ಲ. ಆಗ ಎರಡನೆಯ ಖಾತೆಯಲ್ಲಿ ಉಳಿಸಿಕೊಂಡದ್ದೇ ಗತಿ.

ಇನ್ನೊಂದು ಮುಖ್ಯ ಅಂಶವೆಂದರೆ ಆಡಳಿತ ಮಂಡಲಿ. ಅದರಲ್ಲಿ ದಾನಿ ದೇಶಗಳ ಪ್ರತಿನಿಧಿಗಳಿದ್ದರೂ ಅಧ್ಯಕ್ಷಸ್ಥಾನ ಟುವಾಲುವಿನದು. ಹೂಡಿಕೆಯನ್ನು ನೋಡಿಕೊಳ್ಳಲು ವೃತ್ತಿಪರರು, ಸಲಹೆಗೆ ಪ್ರತ್ಯೇಕ ಸಮಿತಿ. ಯಾವುದೇ ಒಬ್ಬ ಮಂತ್ರಿಗೆ ಒಂದು ರಾತ್ರಿಯಲ್ಲಿ ನಿಧಿಯನ್ನು ಬರಿದುಮಾಡಲು ಸಾಧ್ಯವಿಲ್ಲ. ಹಾಗೆಯೇ ಯಾವುದೇ ದಾನಿಗೆ ತನ್ನ ಮಾತು ಕೇಳಲಿಲ್ಲವೆಂದು ಈ ವರ್ಷದ ಕಂತನ್ನು ತಡೆಹಿಡಿಯಲೂ ಸಾಧ್ಯವಿಲ್ಲ. ಮುಂದೆ ಅಂತರಜಾಲದ 'ಡಾಟ್ ಟಿವಿ' ಎಂಬ ವಿಳಾಸದ ಹಕ್ಕಿನಿಂದ ಹಣ ಬಂದಾಗಲೂ, ಮೀನಿನ ಪರವಾನಗಿಯಿಂದ ಹೆಚ್ಚು ಆದಾಯ ಬಂದಾಗಲೂ ಟುವಾಲು ತನ್ನ ಪಾಲನ್ನು ಈ ನಿಧಿಗೆ ಸೇರಿಸಿತು. ಇಂದು ಅದು ಆರಂಭದ ಮೊತ್ತದ ಐದು ಪಟ್ಟನ್ನೂ ಮೀರಿ ಬೆಳೆದಿದೆ.

ಈಗ ಎರಡನ್ನೂ ತೂಗಿ ನೋಡಿ. ನೌರುವಿನ ಕೈಯಲ್ಲಿದ್ದದ್ದು 100 ಕೋಟಿಗೂ ಮೀರಿದ ನಿಧಿ. ಟುವಾಲುವಿನದು ಅದರ ಮೂವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ದೊಡ್ಡದು ಕರಗಿತು, ಚಿಕ್ಕದು ಉಳಿಯಿತು. ಇದನ್ನು ಓದಿ, ನೌರುವಿನವರು ದುಂದುಗಾರರು, ಟುವಾಲುವಿನವರು ಜಾಣರು ಎಂಬ ತೀರ್ಮಾನಕ್ಕೆ ಬಂದುಬಿಡುವುದು ಸುಲಭ. ಆದರೆ ಹಾಗೆ ಹೇಳಿಬಿಟ್ಟರೆ ಅನ್ಯಾಯವಾಗುತ್ತದೆ. ನೌರುವಿನ ನೆಲದ ಮೂರನೆಯ ಒಂದು ಭಾಗದಷ್ಟು ಫಾಸ್ಫೇಟ್ ಸ್ವಾತಂತ್ರ್ಯಕ್ಕೆ ಮೊದಲೇ ಅಗೆದುಹೋಗಿತ್ತು. ಅದನ್ನು ಸರಿಪಡಿಸಿಕೊಡಿ ಎಂದು ಕೇಳಿದಾಗ ದೊರಕದ ಉತ್ತರಕ್ಕಾಗಿ 1989ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 1992ರಲ್ಲಿ ನ್ಯಾಯಾಲಯ ಮೊಕದ್ದಮೆ ವಿಚಾರಣೆಗೆ ಅರ್ಹವೆಂದಿತು. 1993ರಲ್ಲಿ ಆಸ್ಟ್ರೇಲಿಯ 10.7 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು, 5.7 ಕೋಟಿ ಮೊದಲು, ಉಳಿದದ್ದು ವರ್ಷಕ್ಕೆ 25 ಲಕ್ಷದಂತೆ ಇಪ್ಪತ್ತು ವರ್ಷ. ಈ ವಾರ್ಷಿಕ ಕಂತುಗಳು ಹರಿದದ್ದು 'ಪುನರ್ವಸತಿ ಮತ್ತು ಅಭಿವೃದ್ಧಿ ಸಹಕಾರ' ಎಂಬ ಹೆಸರಿನ ಒಪ್ಪಂದದ ಮೂಲಕ. ಹಾಳುಮಾಡಿದ ನೆಲಕ್ಕೆ ಕಟ್ಟಿಕೊಟ್ಟ ಪರಿಹಾರವೂ ಹೆಸರಿನಲ್ಲಿ ಸಹಕಾರವಾಗಿಬಿಟ್ಟಿತು! ನನ್ನ ವಿದ್ಯಾರ್ಥಿ ತನ್ನ ತೆರಿಗೆಯ ಲೆಕ್ಕ ಹಾಕುವಾಗ ಈ ಭಾಗವನ್ನು ದಾನದ ಕಾಲಮ್ಮಿನಿಂದ ಋಣದ ಕಾಲಮ್ಮಿಗೆ ವರ್ಗಾಯಿಸಬೇಕೆಂದು ಕೇಳಿಕೊಳ್ಳುತ್ತೇನೆ.

ನೆರವಿನ ಹಂಗು ಏನೆಂಬುದು ನಮ್ಮ ತಲೆಮಾರಿಗೆ ಪುಸ್ತಕದ ಜ್ಞಾನವಲ್ಲ. ನಾವು ಪ್ರಾಥಮಿಕ ಶಾಲೆಯಲ್ಲಿದ್ದಾಗ ಮಧ್ಯಾಹ್ನ ತಿಂದದ್ದು ಅಮೆರಿಕದಿಂದ ಬಂದ ಕೇರ್ ಸಂಸ್ಥೆಯ ಗೋಧಿ ರವೆಯ ಉಪ್ಪಿಟ್ಟು. ಅದರ ಘಮಲು ನನ್ನ ವಯಸ್ಸಿನ ಬಂಧುಗಳಿಗೆ ಇಂದಿಗೂ ನೆನಪಿದೆ. ಅದು ಹಸಿವನ್ನು ನೀಗಿಸಿತು. ಆ ಉಪಕಾರವನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಅದೇ ದಶಕದಲ್ಲಿ, 1965-66ರ ಬರಗಾಲದಲ್ಲಿ, ಅಮೆರಿಕದ ಅಧ್ಯಕ್ಷ ಜಾನ್ಸನ್ ಪಿ.ಎಲ್. 480 ಕಾನೂನಿನಡಿ ಬರುತ್ತಿದ್ದ ಗೋಧಿಯನ್ನು ತಿಂಗಳ ಲೆಕ್ಕದಲ್ಲಿ ಬಿಗಿಹಿಡಿದು ಕಳಿಸುತ್ತಿದ್ದರು. ನಮ್ಮ ಕೃಷಿನೀತಿ ಬದಲಾಗಬೇಕೆಂಬುದು ಒಂದು ಕಾರಣ, ವಿಯೆಟ್ನಾಂ ಯುದ್ಧದ ಬಗ್ಗೆ ಭಾರತ ಆಡಿದ ಮಾತು ರುಚಿಸದ್ದು ಇನ್ನೊಂದು. ನಲವತ್ತೆಂಟು ಕೋಟಿಗೂ ಹೆಚ್ಚು ಜನರಿದ್ದ ದೇಶವೇ ಆ ಹಂಗಿನಲ್ಲಿ ಮುದುಡಿದ್ದುಂಟು. ಹಸಿರು ಕ್ರಾಂತಿಯಿಂದ ನಾವು ಅದರಿಂದ ಪಾರಾದೆವು. ಹನ್ನೆರಡು ಸಾವಿರ ಜನರ ನೌರುವಿಗೆ ಅಂತಹ ಹೊಲಗಳೆಲ್ಲಿವೆ?

ಟುವಾಲುವನ್ನು ನಾನು ಆದರ್ಶವೆಂದು ಪೂಜಿಸಲು ಹೊರಟಿಲ್ಲ. 2011ರಲ್ಲಿ ಅದೂ ಅಬ್ಖಾಜಿಯ, ದಕ್ಷಿಣ ಒಸೆಟಿಯಗಳಿಗೆ ಮನ್ನಣೆ ಕೊಟ್ಟಿತ್ತು, 2014ರಲ್ಲಿ ಹಿಂತೆಗೆದುಕೊಂಡಿತು. ನಿಧಿ ಎಷ್ಟೇ ಬೆಳೆದರೂ ಅದರ ಉತ್ಪತ್ತಿಯೊಂದರಿಂದಲೇ ದೇಶ ನಡೆಯುವುದಿಲ್ಲ. ಬೇರೆ ನೆರವು ಬೇಕೇ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಆ ನೆಲದ ಅತ್ಯಂತ ಎತ್ತರದ ಜಾಗ ಸಮುದ್ರಮಟ್ಟದಿಂದ ಐದು ಮೀಟರನ್ನೂ ಮುಟ್ಟುವುದಿಲ್ಲ. ಸಾಗರ ಏರುತ್ತಿದೆ. ರಾಜಧಾನಿ ಫುನಾಫುಟಿಯಲ್ಲಿ ಗ್ರೀನ್ ಕ್ಲೈಮೇಟ್ ಫಂಡ್‌ನ ನೆರವಿನಿಂದ ಸಮುದ್ರಕ್ಕೆ ಮರಳು ತುಂಬಿ ಏಳು ಹೆಕ್ಟೇರಿನಷ್ಟು ಹೊಸ ನೆಲ ಮಾಡಿಕೊಂಡಿದ್ದಾರೆ. ಯಾವ ದತ್ತಿನಿಧಿಯೂ ಕಡಲನ್ನು ಹಿಂದಕ್ಕೆ ತಳ್ಳಲಾರದು. ಹವೆ ಬಿಸಿಯಾದದ್ದು ಆ ಹನ್ನೊಂದು ಸಾವಿರ ಜನರಿಂದಲೂ ಅಲ್ಲ.

ಈ ಸಂಕಟದಲ್ಲಿ ಟುವಾಲು 2023ರ ನವೆಂಬರ್‌ನಲ್ಲಿ ಆಸ್ಟ್ರೇಲಿಯದೊಡನೆ ಫಲೆಪಿಲಿ ಒಪ್ಪಂದಕ್ಕೆ ಸಹಿ ಹಾಕಿತು. ಅವರ ಭಾಷೆಯಲ್ಲಿ ಆ ಪದಕ್ಕೆ, ನೆರೆಮನೆಯವರನ್ನು ಸ್ವಂತದವರಂತೆ ನೋಡಿಕೊಳ್ಳುವುದು ಎಂಬರ್ಥವಂತೆ. 2024ರಲ್ಲಿ ಜಾರಿಗೆ ಬಂದ ಈ ಒಪ್ಪಂದದಂತೆ ವರ್ಷಕ್ಕೆ 280 ಟುವಾಲುವಾಸಿಗಳು ಆಸ್ಟ್ರೇಲಿಯದಲ್ಲಿ ಖಾಯಮ್ಮಾಗಿ ನೆಲೆಸಬಹುದು. ನೆಲ ಮುಳುಗಿದರೂ ಟುವಾಲು ರಾಷ್ಟ್ರವಾಗಿ ಉಳಿಯುತ್ತದೆಂಬುದನ್ನು ಆಸ್ಟ್ರೇಲಿಯ ಒಪ್ಪಿದೆ. ಇವು ದೊಡ್ಡ ಮಾತುಗಳೇ. ಆದರೆ ರಕ್ಷಣೆ, ಭದ್ರತೆಗಳ ವಿಷಯದಲ್ಲಿ ಬೇರೆ ದೇಶದೊಡನೆ ವ್ಯವಹರಿಸುವ ಮುನ್ನ ಟುವಾಲು ಆಸ್ಟ್ರೇಲಿಯದ ಸಮ್ಮತಿ ಪಡೆಯಬೇಕೆಂಬ ಷರತ್ತೂ ಅದರಲ್ಲಿದೆ. 1987ರ ಒಪ್ಪಂದದಲ್ಲಿ ಇಂತಹ ಬೆಲೆಯನ್ನು ಯಾರೂ ಕೇಳಿರಲಿಲ್ಲ. ನೆರೆಯವನ ಮನೆಗೆ ನೀರು ನುಗ್ಗುವಾಗ ಬಾಗಿಲು ತೆರೆಯುವವನು, ಇನ್ನು ಮುಂದೆ ಯಾರೊಡನೆ ಮಾತಾಡಬೇಕೆಂದು ನನ್ನನ್ನು ಕೇಳು ಎನ್ನಬಹುದೇ? ಎನ್ನಬಾರದೆಂಬುದೇ ನನ್ನ ನಿಲುವು.

ನೌರು ಕೂಡ ಕೈಕಟ್ಟಿ ಕುಳಿತಿಲ್ಲವೆಂಬುದನ್ನು ಹೇಳಲೇಬೇಕು. 2014ರಲ್ಲಿ ಅಲ್ಲಿ ಮೊದಲ ಬಾರಿಗೆ ಆದಾಯ ತೆರಿಗೆ ಬಂದಿತು. 2015ರಲ್ಲಿ ಹೊಸದೊಂದು ನಿಧಿ ಆರಂಭವಾಯಿತು. ನೌರು ತಾನೂ ಹಣ ಹಾಕಿತು, ದಾನಿ ದೇಶಗಳೂ ಹಾಕಿದವು. ಮುಂದಿನ ತಲೆಮಾರಿಗೆಂದು ಅದನ್ನು ಹಲವು ವರ್ಷ ಮುಟ್ಟಬಾರದೆಂಬ ಕಟ್ಟುಪಾಡೂ ಇದೆ. ಟುವಾಲು 1987ರಲ್ಲಿ ಹಿಡಿದ ದಾರಿಯೇ ಇದು. ಶ್ರೀಮಂತ ನೆರೆಯವನು ಬಡವನಿಂದ ಕಲಿತ ಉದಾಹರಣೆಗಳು ಚರಿತ್ರೆಯಲ್ಲಿ ಹೆಚ್ಚಿಲ್ಲ, ಆದ್ದರಿಂದ ಇದನ್ನು ಮೆಚ್ಚಬೇಕು.

ಹೊರದೇಶಗಳಲ್ಲಿ ನೆಲೆಸಿ, ಅಲ್ಲಿ ತೆರಿಗೆ ಕಟ್ಟಿ, ಮತವನ್ನೂ ಚಲಾಯಿಸುವ ನನ್ನ ವಿದ್ಯಾರ್ಥಿಗಳು ಈಗ ಹಲವರಿದ್ದಾರೆ. ನಿಮ್ಮ ಸರ್ಕಾರ ಯಾವುದೋ ಸಣ್ಣ ದೇಶಕ್ಕೆ ಇಷ್ಟು ಕೋಟಿ ನೆರವು ಕೊಟ್ಟಿತೆಂಬ ಸುದ್ದಿ ಓದಿದಾಗ ಮೊತ್ತವನ್ನು ನೋಡಿ ಹೆಮ್ಮೆಪಡುವ ಅಥವಾ ಗೊಣಗುವ ಮೊದಲು ಎರಡು ಪ್ರಶ್ನೆ ಕೇಳಿ. ಇದಕ್ಕೆ ಪ್ರತಿಯಾಗಿ ಅವರಿಂದ ಏನನ್ನು ಕೇಳಲಾಗಿದೆ? ಮುಂದಿನ ವರ್ಷ ನೀವು ಏನೂ ಕೊಡದಿದ್ದರೆ ಅವರ ಬಳಿ ಏನು ಉಳಿದಿರುತ್ತದೆ? ಮೊದಲನೆಯದಕ್ಕೆ 'ಏನೂ ಇಲ್ಲ' ಎಂದೂ, ಎರಡನೆಯದಕ್ಕೆ 'ಅಸಲು' ಎಂದೂ ಉತ್ತರ ಬಂದರೆ ಆ ಹಣ ಸಾರ್ಥಕ. ಹಾಗೆ ಬಾರದಿದ್ದರೆ, ಆ ದ್ವೀಪದವರು ಸ್ವಂತ ಕಾಲಿನ ಮೇಲೆ ನಿಲ್ಲುವುದಿಲ್ಲವೆಂದು ದೂರುವ ಮುನ್ನ, ಅವರು ನಿಲ್ಲುವುದು ಕೊಡುವವರಿಗೆ ಬೇಕಾಗಿತ್ತೇ ಎಂದು ನಿಮ್ಮ ಸಂಸದರನ್ನು ಕೇಳಬೇಕು.